ತೊಗರಿ ಕಟ್ಟಿಗೆಯ ಜಲಜನಕಕ್ಕೆ ಪಲ್ಲಾಡಿಯಂ ಬಾಗಿಲು

ಹುಡಗಿ, ಹುಮನಾಬಾದ್, ಬಸವಕಲ್ಯಾಣ ಸೀಮೆಯಲ್ಲಿ ತೊಗರಿ ರಾಶಿ ಮುಗಿದ ಮೇಲೆ ಹೊಲದಲ್ಲಿ ಉಳಿಯುವುದು ಕಟ್ಟಿಗೆಯ ಬಣವೆ. ಒಂದಿಷ್ಟು ಒಲೆಗೆ ಹೋಗುತ್ತದೆ. ಉಳಿದದ್ದು ಹಲವೆಡೆ ಹೊಲದಲ್ಲೇ ಸುಟ್ಟುಹೋಗುತ್ತದೆ. ಇಂಥ ಕಟ್ಟಿಗೆಯಿಂದ ಬಸ್ಸು ಓಡಿಸುವ ಜಲಜನಕ, ಅಂದರೆ ಹೈಡ್ರೋಜನ್, ಪಡೆಯಬಹುದೆಂದರೆ ನಂಬುತ್ತೀರಾ?

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎಸ್. ದಾಸಪ್ಪ ಅವರ ತಂಡ ಸಸ್ಯಜನ್ಯ ಕಚ್ಚಾವಸ್ತುವನ್ನು ಆಮ್ಲಜನಕ ಮತ್ತು ಹಬೆಯೊಡನೆ ಕಾಯಿಸಿ, ಒಂದು ಕಿಲೋಗೆ 100 ಗ್ರಾಂ ಜಲಜನಕ ಪಡೆದ ಸಂಗತಿ 2022ರಲ್ಲಿ ಪ್ರಕಟವಾಯಿತು. ಕಚ್ಚಾವಸ್ತುವಿನಲ್ಲಿ ಇದ್ದದ್ದು ಸುಮಾರು 60 ಗ್ರಾಂ ಮಾತ್ರ. ಮಿಕ್ಕದ್ದು ಹಬೆಯ ಕೊಡುಗೆ.

ಆದರೆ ಹೀಗೆ ಹುಟ್ಟುವ ಅನಿಲ ಬರೀ ಜಲಜನಕವಲ್ಲ. ಇಂಗಾಲದ ಡೈ ಆಕ್ಸೈಡ್, ಇಂಗಾಲದ ಮಾನಾಕ್ಸೈಡ್, ಹಬೆ, ತುಸು ಗಂಧಕದ ಅನಿಲ ಎಲ್ಲವೂ ಅದರಲ್ಲಿ ಬೆರೆತಿರುತ್ತವೆ. ವಾಹನದ ಇಂಧನಕೋಶ ಇದನ್ನು ಸಹಿಸದು. ಮಾನಾಕ್ಸೈಡ್ ಹತ್ತು ಲಕ್ಷ ಭಾಗಕ್ಕೆ 0.2 ಭಾಗ ಮೀರಬಾರದೆನ್ನುತ್ತದೆ ಅಂತರರಾಷ್ಟ್ರೀಯ ಮಾನದಂಡ. ಆದ್ದರಿಂದ ಜಲಜನಕವನ್ನು ಬೇರ್ಪಡಿಸಲೇಬೇಕು. ಬೆಂಗಳೂರಿನ ತಂಡ ಬಳಸಿದ್ದು ಕಡಿಮೆ ಒತ್ತಡದ ಬೇರ್ಪಡಿಸುವ ಘಟಕ. ಇನ್ನೊಂದು ದಾರಿ ಪಲ್ಲಾಡಿಯಂ ಲೋಹದ ತೆಳು ಪೊರೆ.

ಅನಿಲಗಳ ವಿಸರಣ ನಿಯಮಕ್ಕೆ ಹೆಸರಾದ ಥಾಮಸ್ ಗ್ರಹಾಂ 1866ರಲ್ಲಿ ಒಂದು ಸೋಜಿಗ ಕಂಡರು: ಪಲ್ಲಾಡಿಯಂ ತನ್ನ ಗಾತ್ರದ ನೂರಾರು ಪಟ್ಟು ಜಲಜನಕವನ್ನು ಹೀರಿಕೊಳ್ಳುತ್ತದೆ. ಜಲಜನಕದ ಅಣು ಚಿಕ್ಕದೆಂದು ನುಸುಳುತ್ತದೆಯೇ? ಅಲ್ಲ. ಅದಕ್ಕಿಂತ ಚಿಕ್ಕದಾದ ಹೀಲಿಯಂ ಈ ಲೋಹವನ್ನು ದಾಟಲಾರದು!

ಗುಟ್ಟು ಬೇರೆಯೇ ಇದೆ. ಹುಡಗಿಯ ನಿಲ್ದಾಣಕ್ಕೆ ಬಸ್ಸು ಬಂತೆನ್ನಿ. ಬಾಗಿಲು ಇಕ್ಕಟ್ಟು; ಕೈಹಿಡಿದು ಬಂದ ಜೋಡಿ ಕೈಬಿಟ್ಟು ಒಬ್ಬೊಬ್ಬರಾಗಿ ಹತ್ತಬೇಕು. ಜಲಜನಕದ ಅಣುವೂ ಹೀಗೆಯೇ. ಪೊರೆಯ ಮೇಲ್ಮೈಯಲ್ಲಿ ಅದು ಎರಡು ಪರಮಾಣುಗಳಾಗಿ ಒಡೆದು, ಲೋಹದೊಳಗೆ ಸಾಗಿ, ಆಚೆಯ ಬದಿಯಲ್ಲಿ ಮತ್ತೆ ಜೋಡಿಯಾಗುತ್ತದೆ. ಉಳಿದ ಅನಿಲಗಳು ಈಚೆಯೇ ಉಳಿಯುತ್ತವೆ.

ಹಾಗೆ ಉಳಿದವು ಸುಮ್ಮನಿರುತ್ತವೆಯೇ? ತೊಂದರೆ ಮೂರು ಬಗೆ. ಸಾರಜನಕದಂಥವು ಬಸ್ಸು ಹತ್ತದೆ ಬಾಗಿಲ ಬಳಿ ಗುಂಪುಗೂಡಿದವರಂತೆ. ಪೊರೆಯ ಹತ್ತಿರ ಜಲಜನಕದ ಸಾಂದ್ರತೆ ಇಳಿಯುತ್ತದೆ. ಅನಿಲವನ್ನು ರಭಸದಿಂದ ಹರಿಸಿದರೆ ಈ ಗುಂಪು ಚೆದುರುತ್ತದೆ. ಮಾನಾಕ್ಸೈಡ್ ಮೆಟ್ಟಿಲ ಮೇಲೇ ಕುಳಿತುಬಿಡುವ ಪ್ರಯಾಣಿಕ. ಜಲಜನಕ ಒಡೆಯಬೇಕಾದ ಜಾಗಕ್ಕೇ ಅದು ಅಂಟಿಕೊಳ್ಳುತ್ತದೆ. ಉಷ್ಣತೆ ಸುಮಾರು 300 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆಯಿದ್ದರೆ ಇದರ ಕಾಟ ಹೆಚ್ಚು; ಕಾವು ಏರಿಸಿದರೆ ಬಹುಮಟ್ಟಿಗೆ ಎದ್ದು ಹೋಗುತ್ತದೆ. ಹಬೆಯೂ ಇಂಥದೇ ಅಡ್ಡಿ ಒಡ್ಡುತ್ತದೆ.

ಮೂರನೆಯದು ಹೈಡ್ರೋಜನ್ ಸಲ್ಫೈಡ್, ಕೊಳೆತ ಮೊಟ್ಟೆಯ ವಾಸನೆಯ ಅನಿಲ. ಇದು ಬಾಗಿಲನ್ನೇ ಮುರಿಯುತ್ತದೆ. ಗಂಧಕ ಪಲ್ಲಾಡಿಯಂ ಜೊತೆ ಕೂಡಿ ಸಲ್ಫೈಡ್ ಪದರ ಕಟ್ಟುತ್ತದೆ. ಪೊರೆ ಬಿರುಕು ಬಿಡಲೂಬಹುದು. ಆಮೇಲೆ ಶುದ್ಧ ಅನಿಲ ಹರಿಸಿದರೂ ಮೊದಲಿನ ಸ್ಥಿತಿ ಮರಳುವುದು ಕಷ್ಟ.

ಪರಿಹಾರಗಳಿವೆ. ಪೊರೆಗೂ ಮೊದಲೇ ಅನಿಲವನ್ನು ಸತುವಿನ ಆಕ್ಸೈಡ್ ಮೂಲಕ ಹಾಯಿಸಿದರೆ ಗಂಧಕ ಅಲ್ಲೇ ಸಿಕ್ಕಿಬೀಳುತ್ತದೆ. ನೂರಕ್ಕೆ ಸುಮಾರು 40 ಪಾಲು ತಾಮ್ರ ಬೆರೆತ ಮಿಶ್ರಲೋಹ ಗಂಧಕಕ್ಕೆ ಹೆಚ್ಚು ತಡೆದುಕೊಳ್ಳುತ್ತದೆ. ಶುದ್ಧ ಪಲ್ಲಾಡಿಯಂ ಕಡಿಮೆ ಉಷ್ಣತೆಯಲ್ಲಿ ಜಲಜನಕ ಹೀರಿ ಉಬ್ಬಿ ಬಿರಿಯುತ್ತದೆ; ಅದನ್ನು ತಡೆಯಲು ಸುಮಾರು ಕಾಲುಭಾಗ ಬೆಳ್ಳಿ ಬೆರೆಸುತ್ತಾರೆ. ಲೋಹ ದುಬಾರಿಯಾದ್ದರಿಂದ ಕೆಲವೇ ಮೈಕ್ರಾನ್ ದಪ್ಪದ ಪೊರೆಯನ್ನು ರಂಧ್ರಮಯ ಪಿಂಗಾಣಿ ಅಥವಾ ಉಕ್ಕಿನ ಕೊಳವೆಯ ಮೇಲೆ ಲೇಪಿಸುತ್ತಾರೆ.

2030ರೊಳಗೆ ವರ್ಷಕ್ಕೆ 50 ಲಕ್ಷ ಟನ್ ಹಸಿರು ಜಲಜನಕ ತಯಾರಿಸುವ ಸಾಮರ್ಥ್ಯ ಗಳಿಸಬೇಕೆಂಬುದು 2023ರಲ್ಲಿ ಕೇಂದ್ರ ಸರ್ಕಾರ ಒಪ್ಪಿದ ರಾಷ್ಟ್ರೀಯ ಯೋಜನೆಯ ಗುರಿ. ಹೊಲದ ಕಟ್ಟಿಗೆಗೂ ಅದರಲ್ಲಿ ಪಾಲು ಸಿಗಬೇಕಾದರೆ ಅನಿಲ ಹುಟ್ಟಿಸಿದರೆ ಸಾಲದು, ಅಗ್ಗವಾಗಿ ಶುದ್ಧಗೊಳಿಸಲೂ ಬೇಕು. ಗಂಧಕಕ್ಕೆ ಜಗ್ಗದ, ಬೆಲೆಯಲ್ಲಿ ಹಗುರಾದ ಪೊರೆಗಾಗಿ ಹುಡುಕಾಟ ಇನ್ನೂ ನಡೆದಿದೆ. ಇಂದು ಪ್ರೌಢಶಾಲೆಯಲ್ಲಿ ಸತು ಮತ್ತು ಆಮ್ಲದಿಂದ ಜಲಜನಕ ತಯಾರಿಸಿ, 'ಪಟ್' ಎಂಬ ಸದ್ದು ಕೇಳಿ ಹಿಗ್ಗುವ ವಿದ್ಯಾರ್ಥಿಗಳಿಗೆ ಅಲ್ಲಿ ಮಾಡಬೇಕಾದ ಕೆಲಸ ಬೇಕಾದಷ್ಟಿದೆ.