ಪ್ರೌಢಶಾಲೆಯನ್ನು ನಡೆಸುವ ಕೈಗಳು: ಸಹಾಯಕ ಸಿಬ್ಬಂದಿ, ವಿದ್ಯಾರ್ಥಿ ಸಹಾಯಕರು ಮತ್ತು ಗ್ರಾಮ ಪಂಚಾಯತಿಯ ಹೊಣೆ

ಸರ್ಕಾರಿ ಪ್ರೌಢಶಾಲೆ ಎಂದೊಡನೆ ಮುಖ್ಯ ಶಿಕ್ಷಕರು, ವಿಷಯ ಶಿಕ್ಷಕರು ಹಾಗೂ ಎಸ್.ಎಸ್.ಎಲ್.ಸಿ. ಫಲಿತಾಂಶ ನೆನಪಿಗೆ ಬರುತ್ತವೆ. ಆದರೆ ಮೊದಲ ಪಾಠ ಆರಂಭವಾಗುವ ಮುನ್ನವೇ ಶಾಲೆಯಲ್ಲಿ ಹಲವು ಕೆಲಸಗಳು ನಡೆದಿರಬೇಕು. ಕೊಠಡಿಗಳ ಬೀಗ ತೆರೆದಿರಬೇಕು, ಕಸ ಗುಡಿಸಿರಬೇಕು, ತೊಟ್ಟಿಯಲ್ಲಿ ನೀರಿರಬೇಕು, ಶೌಚಾಲಯ ಶುಚಿಯಾಗಿರಬೇಕು, ಅಡುಗೆ ಕೋಣೆಯಲ್ಲಿ ಒಲೆ ಹೊತ್ತಿರಬೇಕು. ಈ ಕೆಲಸಗಳಿಗೆ ನೇಮಕಗೊಂಡವರು ಇಲ್ಲದಿದ್ದಾಗ ಕೆಲಸವು ಇಲ್ಲವಾಗುವುದಿಲ್ಲ. ಅದು ಸದ್ದಿಲ್ಲದೆ ಮಕ್ಕಳ ಅಥವಾ ಶಿಕ್ಷಕರ ಹೆಗಲಿಗೆ ಬೀಳುತ್ತದೆ. ಅದರ ಬೆಲೆಯನ್ನು ಪಾಠದ ಅವಧಿಯೇ ತೆರಬೇಕಾಗುತ್ತದೆ.

ಸಂವಿಧಾನದ 11ನೇ ಅನುಸೂಚಿಯಲ್ಲಿ ಪಂಚಾಯತಿಗಳಿಗೆ ವಹಿಸಬಹುದಾದ 29 ವಿಷಯಗಳ ಪೈಕಿ ಪ್ರಾಥಮಿಕ ಮತ್ತು ಪ್ರೌಢಶಾಲಾ ಶಿಕ್ಷಣವೂ ಸೇರಿದೆ. ಶಿಕ್ಷಕರ ಬೋಧನೆಯನ್ನು ಅಳೆಯುವುದು ಗ್ರಾಮ ಪಂಚಾಯತಿ ಸದಸ್ಯರಿಗೆ ಕಷ್ಟವಾಗಬಹುದು. ಆದರೆ ಶಾಲೆಯ ನಿತ್ಯದ ಕೆಲಸಗಳನ್ನು ಯಾರು ಮಾಡುತ್ತಿದ್ದಾರೆ ಎಂಬುದನ್ನು ಅರಿಯಲು ಒಂದು ಬೆಳಗಿನ ಭೇಟಿ ಸಾಕು.

ಯಾವ ಕೆಲಸ, ಯಾರ ಹೊಣೆ

ಶಾಲೆಯ ಬೀಗ, ಗಂಟೆ, ಸ್ವಚ್ಛತೆ ಹಾಗೂ ಕಚೇರಿಯ ಓಡಾಟದ ಕೆಲಸಗಳು ಗ್ರೂಪ್ 'ಡಿ' ನೌಕರರಿಗೆ ಸೇರಿದವು. ದಾಖಲೆ, ಪತ್ರ ವ್ಯವಹಾರ ಮತ್ತು ಲೆಕ್ಕಪತ್ರಗಳು ಪ್ರಥಮ ಅಥವಾ ದ್ವಿತೀಯ ದರ್ಜೆ ಸಹಾಯಕರ ಹೊಣೆ. ಸ್ಯಾಟ್ಸ್ ತಂತ್ರಾಂಶದಲ್ಲಿ ಮಕ್ಕಳ ವಿವರ ದಾಖಲಿಸುವುದು, ವರ್ಗಾವಣೆ ಪ್ರಮಾಣಪತ್ರ ಸಿದ್ಧಪಡಿಸುವುದು, 10ನೇ ತರಗತಿಯ ಪರೀಕ್ಷಾ ನೋಂದಣಿ, ವಿದ್ಯಾರ್ಥಿವೇತನದ ಅರ್ಜಿಗಳ ಪರಿಶೀಲನೆ ಇವೆಲ್ಲವೂ ಎಚ್ಚರದಿಂದ ಮಾಡಬೇಕಾದ ಕೆಲಸಗಳು. ಅಂಕಪಟ್ಟಿಯಲ್ಲಿ ಹೆಸರು ಅಥವಾ ಜನ್ಮ ದಿನಾಂಕ ತಪ್ಪಾದರೆ ಅದನ್ನು ಸರಿಪಡಿಸಲು ವಿದ್ಯಾರ್ಥಿಯ ಕುಟುಂಬವು ವರ್ಷಗಳ ನಂತರವೂ ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುತ್ತದೆ. ಸಹಾಯಕರ ಹುದ್ದೆ ಖಾಲಿಯಿರುವ ಶಾಲೆಯಲ್ಲಿ ಈ ಕೆಲಸ ಗಣಿತದ ಅಥವಾ ವಿಜ್ಞಾನದ ಶಿಕ್ಷಕರ ಪಾಲಾಗುತ್ತದೆ. ಆ ಹೊತ್ತು ತರಗತಿ ಖಾಲಿ ಉಳಿಯುತ್ತದೆ.

ಶಾಲೆಯ ಸಿಬ್ಬಂದಿ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೂ ಶಾಲೆಯನ್ನು ನಡೆಸುವ ಇನ್ನೊಬ್ಬರಿದ್ದಾರೆ. ಅವರು ಗ್ರಾಮ ಪಂಚಾಯತಿಯ ನೀರಗಂಟಿ. ಊರಿಗೆ ನೀರು ಬಿಡುವ ಸರದಿಯಲ್ಲಿ ಶಾಲೆಯ ತೊಟ್ಟಿ ಕೊನೆಗೆ ತುಂಬುವಂತಿದ್ದರೆ, ಬೆಳಗಿನ ಅಡುಗೆಗೂ ಶೌಚಾಲಯಕ್ಕೂ ಮಕ್ಕಳೇ ಕೊಡ ಹೊರಬೇಕಾಗುತ್ತದೆ. ನೀರಿಲ್ಲದ ಶೌಚಾಲಯಕ್ಕೆ ಬೀಗ ಬೀಳುತ್ತದೆ. ಋತುಸ್ರಾವದ ದಿನಗಳಲ್ಲಿ ಹೆಣ್ಣುಮಕ್ಕಳು ಶಾಲೆಗೆ ಬಾರದಿರಲು ಇಷ್ಟೇ ಸಾಕು.

ಅಡುಗೆ ಕೋಣೆಯ ಹೊರೆ

ಬಿಸಿಯೂಟವನ್ನು ರಾಜ್ಯ ಸರ್ಕಾರವು 9 ಮತ್ತು 10ನೇ ತರಗತಿಗಳಿಗೂ ವಿಸ್ತರಿಸಿದೆ. ಕೇಂದ್ರದ ಮಾರ್ಗಸೂಚಿಯ ಪ್ರಕಾರ 25 ಮಕ್ಕಳವರೆಗೆ ಒಬ್ಬರು, 26ರಿಂದ 100 ಮಕ್ಕಳಿಗೆ ಇಬ್ಬರು, ಆನಂತರದ ಪ್ರತಿ 100 ಮಕ್ಕಳವರೆಗೆ ಹೆಚ್ಚುವರಿಯಾಗಿ ಒಬ್ಬರು ಅಡುಗೆಯವರಿರಬೇಕು. ಅಂದರೆ 180 ಮಕ್ಕಳಿರುವ ಶಾಲೆಯಲ್ಲಿ ಮೂವರು. ಅವರ ಕೆಲಸ ಅನ್ನ ಸಾಂಬಾರಿಗೆ ಮುಗಿಯುವುದಿಲ್ಲ. 2013ರ ಆಗಸ್ಟ್‌ನಲ್ಲಿ ಕ್ಷೀರ ಭಾಗ್ಯ ಬಂದಿತು. ಪ್ರತಿ ಮಗುವಿಗೆ 18 ಗ್ರಾಂ ಹಾಲಿನ ಪುಡಿಯಿಂದ 150 ಮಿಲಿ ಲೀಟರ್ ಹಾಲು ಸಿದ್ಧಪಡಿಸಬೇಕು. 2024ರಲ್ಲಿ ರಾಗಿ ಮಾಲ್ಟ್ ಸೇರಿತು. ಅದೇ ವರ್ಷದ ಸೆಪ್ಟೆಂಬರ್‌ನಿಂದ ಮೊಟ್ಟೆ ವಾರಕ್ಕೆ ಆರು ದಿನಕ್ಕೆ ಏರಿತು. ಇವೆಲ್ಲವೂ ಮಕ್ಕಳಿಗೆ ಹಿತವಾದವು. ಆದರೆ ಹಾಲು ಕಾಯಿಸುವ, ಮೊಟ್ಟೆ ಬೇಯಿಸಿ ಸುಲಿಯುವ, ಪಾತ್ರೆ ತೊಳೆಯುವ ಕೈಗಳು ಅವೇ ಮೂರು ಜೊತೆ. ಅವರಲ್ಲಿ ಬಹುಪಾಲು ಊರಿನ ಬಡ ಮಹಿಳೆಯರು. ಅವರಿಗೆ ದೊರೆಯುವುದು ವೇತನವಲ್ಲ, ಗೌರವಧನ. ಒಬ್ಬರು ಅನಾರೋಗ್ಯದಿಂದ ಬಾರದ ದಿನ ಬಡಿಸುವ, ಪಾತ್ರೆ ಹೊರುವ ಕೆಲಸಕ್ಕೆ 9ನೇ ತರಗತಿಯ ಹುಡುಗಿಯರನ್ನು ಕರೆಯುವುದು ಸುಲಭದ ದಾರಿಯಾಗಿ ತೋರುತ್ತದೆ.

ಸಹಕಾರ ಎಲ್ಲಿಯವರೆಗೆ

ಮಕ್ಕಳು ಶಾಲೆಯ ಕೆಲಸದಲ್ಲಿ ಪಾಲ್ಗೊಳ್ಳುವುದು ತಪ್ಪಲ್ಲ. ಶಾಲಾ ಸಂಸತ್ತಿನ ಮೂಲಕ ಮಕ್ಕಳೇ ಮಂತ್ರಿಗಳನ್ನು ಆರಿಸಿ, ಪ್ರಾರ್ಥನೆ, ಗ್ರಂಥಾಲಯ, ಕೈತೋಟ, ಆರೋಗ್ಯ, ಕ್ರೀಡೆ ಮುಂತಾದ ಹೊಣೆಗಳನ್ನು ಹಂಚಿಕೊಳ್ಳುತ್ತಾರೆ. ಪುಸ್ತಕ ಕೊಟ್ಟು ಪಡೆದ ಲೆಕ್ಕ ಬರೆಯುವ, ಊಟದ ಸಾಲನ್ನು ಶಿಸ್ತಿನಿಂದ ನಡೆಸುವ, ಕಿರಿಯರಿಗೆ ಕೈ ತೊಳೆಯಲು ನೆನಪಿಸುವ ವಿದ್ಯಾರ್ಥಿಯು ಪಠ್ಯದಲ್ಲಿ ದೊರೆಯದ ಪಾಠವನ್ನು ಕಲಿಯುತ್ತಾನೆ. ತಾನು ಕುಳಿತ ಕೊಠಡಿಯನ್ನು ಸರದಿಯಂತೆ ಅಚ್ಚುಕಟ್ಟಾಗಿಡುವುದೂ ಅಂಥದೇ ಕಲಿಕೆ.

ಸಹಕಾರವು ದುಡಿಮೆಯಾಗುವುದು ಎಲ್ಲಿ ಎಂಬುದನ್ನು ನಾಲ್ಕು ಪ್ರಶ್ನೆಗಳಿಂದ ಗುರುತಿಸಬಹುದು. ಆ ಕೆಲಸದ ಸರದಿ ಗಂಡು ಹೆಣ್ಣೆಂಬ, ಜಾತಿಯ ಭೇದವಿಲ್ಲದೆ ಎಲ್ಲರಿಗೂ ಬರುತ್ತದೆಯೇ? ಅದರಿಂದ ಪಾಠ ತಪ್ಪುತ್ತದೆಯೇ? ಬಿಸಿ ಪಾತ್ರೆ, ವಿದ್ಯುತ್ ಮೋಟಾರು, ಸಂಪು, ಛಾವಣಿಯ ಮೇಲಿನ ತೊಟ್ಟಿ ಇವುಗಳಿಂದ ಅಪಾಯವಿದೆಯೇ? ಕೆಲಸವನ್ನು ಶಿಕ್ಷೆಯಾಗಿ ಹೇರಲಾಗಿದೆಯೇ? ಸರದಿಯಲ್ಲಿ ಗುಡಿಸುವ ಮಕ್ಕಳ ಹೆಸರುಗಳನ್ನು ಓದಿದಾಗ ಅವೆಲ್ಲ ಒಂದೇ ಕೇರಿಯವಾಗಿದ್ದರೆ, ಅಲ್ಲಿ ನಡೆಯುತ್ತಿರುವುದು ಸಹಕಾರವಲ್ಲ. ವಿದ್ಯಾರ್ಥಿಗಳಿಂದ ಶೌಚಾಲಯ ಶುಚಿಗೊಳಿಸುವುದನ್ನು ಶಿಕ್ಷಣ ಇಲಾಖೆಯು ಸ್ಪಷ್ಟವಾಗಿ ನಿಷೇಧಿಸಿದೆ. ಶಿಕ್ಷಣ ಹಕ್ಕು ಕಾಯ್ದೆ, 2009ರ 17ನೇ ಪ್ರಕರಣವು ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ.

ಆದರೆ ನಿಷೇಧವೊಂದರಿಂದಲೇ ಶೌಚಾಲಯ ಶುಚಿಯಾಗುವುದಿಲ್ಲ. ಕೆಲಸ ಮಾಡುವವರನ್ನು ಒದಗಿಸದೆ ಮುಖ್ಯ ಶಿಕ್ಷಕರನ್ನಷ್ಟೇ ದೂರಿದರೆ ಶೌಚಾಲಯಕ್ಕೆ ಬೀಗ ಬೀಳುತ್ತದೆ. ಮತ್ತೆ ತೊಂದರೆಗೊಳಗಾಗುವವರು ಮಕ್ಕಳೇ.

ಗ್ರಾಮ ಪಂಚಾಯತಿ ಕೈಗೊಳ್ಳಬಹುದಾದ ಕ್ರಮಗಳು

1. ಸದಸ್ಯರು ಪ್ರಾರ್ಥನೆಗೆ ಮೊದಲೇ ಶಾಲೆಗೆ ಭೇಟಿ ನೀಡಿ, ನಿತ್ಯದ ಕೆಲಸಗಳು ಮತ್ತು ಅವುಗಳನ್ನು ವಾಸ್ತವವಾಗಿ ಮಾಡುತ್ತಿರುವವರ ಪಟ್ಟಿಯನ್ನು ಮುಖ್ಯ ಶಿಕ್ಷಕರೊಡನೆ ಸಿದ್ಧಪಡಿಸುವುದು. ಇದು ತಪ್ಪು ಹುಡುಕುವ ಭೇಟಿಯಾಗಬಾರದು.

2. ಶಾಲಾ ಅವಧಿಗೆ ಮುನ್ನವೇ ಶಾಲೆಯ ತೊಟ್ಟಿ ತುಂಬುವಂತೆ ನೀರು ಬಿಡುವ ವೇಳೆಯನ್ನು ಸಾಮಾನ್ಯ ಸಭೆಯಲ್ಲಿ ನಿಗದಿಪಡಿಸುವುದು. ಇದಕ್ಕೆ ಹೆಚ್ಚುವರಿ ಅನುದಾನದ ಅಗತ್ಯವಿಲ್ಲ.

3. ಶೌಚಾಲಯದ ಸ್ವಚ್ಛತೆಗೆ ವಯಸ್ಕ ಕೆಲಸಗಾರರನ್ನು, ಕೈಗವಸು ಮತ್ತು ಸಲಕರಣೆಗಳನ್ನು ನಿಯಮಾನುಸಾರ ಒದಗಿಸುವ ಬಗ್ಗೆ ಪಂಚಾಯತಿ ಅಭಿವೃದ್ಧಿ ಅಧಿಕಾರಿ ಹಾಗೂ ಶಾಲಾಭಿವೃದ್ಧಿ ಸಮಿತಿಯೊಡನೆ ಚರ್ಚಿಸಿ ನಿರ್ಣಯ ಕೈಗೊಳ್ಳುವುದು.

4. ಖಾಲಿ ಹುದ್ದೆಗಳ ವಿವರವನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೂ, ಅಡುಗೆಯವರ ಕೊರತೆ ಅಥವಾ ಗೌರವಧನದ ವಿಳಂಬವನ್ನು ತಾಲ್ಲೂಕು ಪಂಚಾಯತಿಯ ಅಕ್ಷರ ದಾಸೋಹ ಸಹಾಯಕ ನಿರ್ದೇಶಕರಿಗೂ ಲಿಖಿತವಾಗಿ ತಿಳಿಸುವುದು.

5. ಮಕ್ಕಳ ಗ್ರಾಮಸಭೆಯಲ್ಲಿ ನೀರು, ಶೌಚಾಲಯ ಮತ್ತು ಶಾಲೆಯ ಕೆಲಸಗಳ ಬಗ್ಗೆ ಮಕ್ಕಳನ್ನೇ ಕೇಳಿ, ಅವರ ಉತ್ತರವನ್ನು ನಡಾವಳಿಯಲ್ಲಿ ದಾಖಲಿಸಿ, ಮುಂದಿನ ಸಭೆಯಲ್ಲಿ ಕೈಗೊಂಡ ಕ್ರಮವನ್ನು ಅವರಿಗೆ ತಿಳಿಸುವುದು.

ಬೆಳಗಿನ ಮೊದಲ ಗಂಟೆ ಹೊಡೆದಾಗ ಎಲ್ಲ ಮಕ್ಕಳೂ ತರಗತಿಯಲ್ಲಿ ಕುಳಿತಿರಬೇಕು. ಪೊರಕೆ, ಕೊಡ, ಪಾತ್ರೆಗಳು ಅವುಗಳಿಗಾಗಿ ನೇಮಕಗೊಂಡವರ ಕೈಯಲ್ಲಿರಬೇಕು. ಆ ಕೈಗಳಿಗೆ ಸಕಾಲದಲ್ಲಿ ಗೌರವಧನವೂ ಊರಿನ ಗೌರವವೂ ಸಲ್ಲಬೇಕು. ಇವೆರಡನ್ನೂ ಖಚಿತಪಡಿಸಿಕೊಳ್ಳುವುದು ಗ್ರಾಮ ಪಂಚಾಯತಿಯ ಶಕ್ತಿಗೆ ಮೀರಿದ ಕಾರ್ಯವಲ್ಲ.