ಮುಖದ ಕೂದಲು, ಕಾಲಿನ ನರ: ಯಾವುದಕ್ಕೆ ಯಾವ ಚಿಕಿತ್ಸೆ?

(ಜುಮಾ ಖುತ್ಬಾದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ ಮೀಸಲು. ಅವನು ಮನುಷ್ಯನನ್ನು ಅತ್ಯುತ್ತಮ ರೂಪದಲ್ಲಿ ಸೃಷ್ಟಿಸಿದನೆಂದು ಪವಿತ್ರ ಕುರ್‌ಆನಿನ ಅತ್ತೀನ್ ಅಧ್ಯಾಯ ನಮಗೆ ತಿಳಿಸುತ್ತದೆ. ಈ ಶರೀರ ನಮ್ಮ ಸ್ವಂತ ಆಸ್ತಿಯಲ್ಲ, ಅವನು ನಮ್ಮ ಕೈಗೆ ಒಪ್ಪಿಸಿದ ಅಮಾನತ್. ಅಮಾನತನ್ನು ಕೆಡಿಸುವುದೂ ತಪ್ಪು, ಕೆಟ್ಟು ಹೋಗುತ್ತಿರುವಾಗ ನೋಡಿಕೊಂಡು ಸುಮ್ಮನಿರುವುದೂ ತಪ್ಪು.

ಹೆಣ್ಣುಮಕ್ಕಳು ಚೀಟಿಯಲ್ಲಿ ಬರೆದು ಕಳಿಸುವ ಪ್ರಶ್ನೆಗಳಲ್ಲಿ ಎರಡು ಮತ್ತೆ ಮತ್ತೆ ಬರುತ್ತವೆ. ಒಂದು, ಮಗಳ ಮೇಲ್ದುಟಿ ಮತ್ತು ಗಲ್ಲದ ಮೇಲೆ ಕೂದಲು ಬೆಳೆಯುತ್ತಿದೆ, ಸಂಬಂಧ ನೋಡುತ್ತಿದ್ದೇವೆ, ಲೇಸರ್ ಮಾಡಿಸಬಹುದೇ? ಎರಡು, ಕಾಲಿನಲ್ಲಿ ನೀಲಿ ನರಗಳು ಎದ್ದು ಕಾಣುತ್ತಿವೆ, ಇಂಜೆಕ್ಷನ್ ಕೊಟ್ಟು ತೆಗೆಸಿದರೆ ಅಲ್ಲಾಹನ ಸೃಷ್ಟಿಯನ್ನು ಬದಲಿಸಿದಂತಾಗುತ್ತದೆಯೇ?

ಈ ಎರಡು ಪ್ರಶ್ನೆಗಳ ಹಿಂದೆ ನಮ್ಮ ಮನೆಗಳ ಒಂದು ರೂಢಿ ಅಡಗಿದೆ. ಮುಖದ ಕೂದಲು ನಾಲ್ಕು ಜನರಿಗೆ ಕಾಣುತ್ತದೆ. ಅದಕ್ಕೆ ಸಾಲ ಮಾಡಿಯಾದರೂ ಪಾರ್ಲರಿಗೆ ಹೋಗುತ್ತೇವೆ. ಕಾಲಿನ ನರ ಬಟ್ಟೆಯೊಳಗೆ ಮುಚ್ಚಿರುತ್ತದೆ. ಅದು ಹುಣ್ಣಾಗುವವರೆಗೂ ಯಾರಿಗೂ ಹೇಳುವುದಿಲ್ಲ. ಎರಡರಲ್ಲೂ ನಾವು ನೋಡುತ್ತಿರುವುದು ಜನರ ಕಣ್ಣನ್ನು, ರೋಗವನ್ನಲ್ಲ. ವಾಸ್ತವದಲ್ಲಿ ಎರಡೂ ಮೊದಲು ವೈದ್ಯರ ಮುಂದೆ ಬರಬೇಕಾದ ವಿಷಯಗಳು. ಪಾರ್ಲರ್, ಪ್ಯಾಕೇಜ್, ಲೇಸರ್ ಎಲ್ಲ ಆ ಬಳಿಕ.

ಸೃಷ್ಟಿಯನ್ನು ಬದಲಿಸಿದಂತಾಗುವುದೇ?

ಸೌಂದರ್ಯಕ್ಕಾಗಿ ಹುಬ್ಬು ಕೀಳುವುದು, ಹಚ್ಚೆ ಹಾಕಿಸುವುದು, ಹಲ್ಲುಗಳ ನಡುವೆ ಸಂದು ಮಾಡಿಸುವುದು ಇವುಗಳನ್ನು ಪ್ರವಾದಿ(ಸ)ರವರು ಕಠಿಣವಾಗಿ ವಿರೋಧಿಸಿದ್ದಾರೆ. ಇಬ್ನು ಮಸ್‌ಊದ್(ರ)ರವರು ವರದಿ ಮಾಡಿದ ಈ ಹದೀಸನ್ನು ನಾವೆಲ್ಲರೂ ಕೇಳಿದ್ದೇವೆ. ಆದ್ದರಿಂದ ಫ್ಯಾಷನ್ನಿಗಾಗಿ ಹುಬ್ಬನ್ನು ದಾರದಂತೆ ತೆಳ್ಳಗೆ ಮಾಡಿಸುವುದಕ್ಕೆ ದಾರಿಯಿಲ್ಲ.

ಆದರೆ ಸಹಜ ರೂಪಕ್ಕೆ ಹೊರತಾಗಿ ಬಂದದ್ದನ್ನು ಸರಿಪಡಿಸುವುದು ಬೇರೆ ವಿಷಯ. ಅರ್ಫಜ(ರ)ರವರು ಯುದ್ಧವೊಂದರಲ್ಲಿ ಮೂಗು ಕಳೆದುಕೊಂಡಿದ್ದರು. ಬೆಳ್ಳಿಯ ಮೂಗು ಮಾಡಿಸಿಕೊಂಡಾಗ ಅದು ದುರ್ವಾಸನೆ ಬೀರತೊಡಗಿತು. ಆಗ ಪ್ರವಾದಿ(ಸ)ರವರು ಚಿನ್ನದ ಮೂಗು ಮಾಡಿಸಿಕೊಳ್ಳಲು ಹೇಳಿದರು. ಪುರುಷರಿಗೆ ಚಿನ್ನ ಹರಾಮ್ ಆಗಿದ್ದರೂ ಕೊರತೆಯನ್ನು ನೀಗಿಸಲು ಅನುಮತಿ ಸಿಕ್ಕಿತು. ಮಹಿಳೆಗೆ ಗಡ್ಡ ಅಥವಾ ಮೀಸೆ ಬೆಳೆದರೆ ಅದನ್ನು ತೆಗೆಯುವುದು ನಿಷಿದ್ಧವಲ್ಲ, ಬದಲಾಗಿ ಒಳ್ಳೆಯದು ಎಂದು ಶಾಫಿಈ ಮದ್‌ಹಬಿನ ಇಮಾಮ್ ನವವಿ(ರ) ಬರೆದಿದ್ದಾರೆ. ಹನಫಿ ವಿದ್ವಾಂಸರಾದ ಇಬ್ನು ಆಬಿದೀನ್(ರ)ರವರ ಅಭಿಪ್ರಾಯವೂ ಇದೇ. ನಮ್ಮ ಕರಾವಳಿಯ ಶಾಫಿಈ ಮನೆಗಳಿಗೂ ಘಟ್ಟದ ಮೇಲಿನ ಹನಫಿ ಮನೆಗಳಿಗೂ ಇಲ್ಲಿ ಗೊಂದಲಕ್ಕೆ ಅವಕಾಶವಿಲ್ಲ.

ಕಾಲಿನ ನರದ ವಿಷಯ ಇನ್ನೂ ಸುಲಭ. ಚಿಕಿತ್ಸೆ ಮಾಡಿಕೊಳ್ಳಬೇಕೇ ಎಂದು ಕೇಳಿದವರಿಗೆ ಪ್ರವಾದಿ(ಸ)ರವರು ಮಾಡಿಕೊಳ್ಳಿರೆಂದೇ ಹೇಳಿದ್ದಾರೆ. ಮುದಿತನವೊಂದನ್ನು ಬಿಟ್ಟು ಎಲ್ಲ ರೋಗಕ್ಕೂ ಅಲ್ಲಾಹನು ಮದ್ದು ಇಟ್ಟಿದ್ದಾನೆಂದು ಕಲಿಸಿದ್ದಾರೆ.

ಕೂದಲು ಯಾಕೆ ಬೆಳೆಯುತ್ತದೆ?

ಹೆಣ್ಣಿನ ಶರೀರದಲ್ಲಿಯೂ ಪುರುಷ ಹಾರ್ಮೋನು ಸ್ವಲ್ಪ ಇರುತ್ತದೆ. ಅದು ಹೆಚ್ಚಾದಾಗ ಗಲ್ಲ, ಮೇಲ್ದುಟಿ, ಎದೆ, ಹೊಟ್ಟೆಯ ಮೇಲೆ ದಪ್ಪ ಕಪ್ಪು ಕೂದಲು ಬರುತ್ತದೆ. ಇದಕ್ಕೆ ಅತಿ ಸಾಮಾನ್ಯ ಕಾರಣ ಪಿಸಿಓಡಿ ಎಂದು ನಾವು ಕರೆಯುವ ಅಂಡಾಶಯದ ಸಮಸ್ಯೆ. ಇದರೊಂದಿಗೆ ಮುಟ್ಟು ತಪ್ಪುವುದು, ಮೊಡವೆ, ತೂಕ ಹೆಚ್ಚುವುದು, ತಲೆಗೂದಲು ಉದುರುವುದು ಇರಬಹುದು. ಮುಂದೆ ಸಕ್ಕರೆ ಕಾಯಿಲೆಯ ಸಾಧ್ಯತೆಯೂ ಹೆಚ್ಚು. ಮುಖದ ಕೂದಲನ್ನು ಮಾತ್ರ ಕಿತ್ತು ಕಾರಣವನ್ನು ಬಿಟ್ಟರೆ ಕೂದಲು ಮತ್ತೆ ಬರುತ್ತದೆ, ರೋಗ ಒಳಗೇ ಉಳಿಯುತ್ತದೆ. ತೂಕ ಹೆಚ್ಚಿರುವವರು ಅದರಲ್ಲಿ ನೂರಕ್ಕೆ 5ರಿಂದ 10ರಷ್ಟು ಇಳಿಸಿದರೂ ಹಾರ್ಮೋನು ಹತೋಟಿಗೆ ಬರಲು ಸಹಾಯವಾಗುತ್ತದೆ. ವೈದ್ಯರು ಮಾತ್ರೆ ಕೊಟ್ಟರೆ ಕೂದಲಿನಲ್ಲಿ ವ್ಯತ್ಯಾಸ ಕಾಣಲು ಸುಮಾರು ಆರು ತಿಂಗಳು ಬೇಕು. ಒಂದು ತಿಂಗಳಲ್ಲೇ ಗುಣವಾಗಲಿಲ್ಲವೆಂದು ಬಿಟ್ಟುಬಿಡಬಾರದು.

ಕೆಲವೇ ತಿಂಗಳಲ್ಲಿ ಕೂದಲು ವೇಗವಾಗಿ ಹಬ್ಬಿದರೆ, ಜೊತೆಗೆ ಸ್ವರ ಗಡುಸಾದರೆ ಅಥವಾ ಮುಟ್ಟು ನಿಂತರೆ ಕಾಯಬೇಡಿ. ಅಪರೂಪಕ್ಕೆ ಅದು ಗಡ್ಡೆಯ ಲಕ್ಷಣವೂ ಆಗಿರಬಹುದು.

ಇನ್ನೊಂದು ಕಾರಣ ನಮ್ಮ ಕೈಯಾರೆ ತಂದುಕೊಂಡದ್ದು. ಮುಖ ಬೆಳ್ಳಗಾಗಲೆಂದು ಮೆಡಿಕಲ್ ಅಂಗಡಿಯಿಂದ ಕೇಳಿ ತಂದು ಹಚ್ಚುವ ಎಷ್ಟೋ ಮುಲಾಮುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಮೊದಲ ಕೆಲವು ವಾರ ಮುಖ ಹೊಳೆಯುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ಕೆನ್ನೆಯಲ್ಲಿ ಕೆಂಪು ರಕ್ತನಾಳಗಳ ಬಲೆ ಕಾಣುತ್ತದೆ, ಮುಖದ ಮೇಲೆ ಕೂದಲೂ ಬೆಳೆಯುತ್ತದೆ. ಕೂದಲು ಮತ್ತು ನರ ಎರಡೂ ಒಂದೇ ಟ್ಯೂಬಿನಿಂದ! ಇಂಥ 14 ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರಕಾರ 2018ರಲ್ಲಿ ನಿಯಮ ಮಾಡಿತು. ಇದನ್ನು ಬಹುಕಾಲದಿಂದ ಹಚ್ಚುತ್ತಿರುವವರು ಲೇಸರಿಗೆ ಹೋಗುವ ಮುನ್ನ ಚರ್ಮರೋಗ ತಜ್ಞರಿಗೆ ಆ ಟ್ಯೂಬನ್ನೇ ತೋರಿಸಿ. ಒಮ್ಮೆಲೇ ನಿಲ್ಲಿಸಿದರೆ ಮುಖ ಉರಿದು ಕೆಂಪಾಗಬಹುದು. ಹೇಗೆ ಬಿಡಬೇಕೆಂದು ಅವರೇ ಹೇಳುತ್ತಾರೆ.

ಕೂದಲು ತೆಗೆಯುವ ದಾರಿಗಳು

ರೇಝರ್ ಬಳಸಿದರೆ ಕೂದಲು ದಪ್ಪವಾಗುತ್ತದೆಂಬ ಮಾತು ನಿಜವಲ್ಲ. ಕತ್ತರಿಸಿದ ತುದಿ ಮೊಂಡಾಗಿರುವುದರಿಂದ ಕೈಗೆ ಒರಟಾಗಿ ತಾಗುತ್ತದೆ, ಅಷ್ಟೆ. ಥ್ರೆಡ್ಡಿಂಗ್ ಮತ್ತು ವ್ಯಾಕ್ಸಿಂಗ್ ಕೂದಲನ್ನು ಬುಡದಿಂದ ಕೀಳುತ್ತವೆ, ಕೆಲವು ವಾರ ಸಾಕಾಗುತ್ತದೆ. ಆದರೆ ಕೆಲವರಿಗೆ ಗುಳ್ಳೆ, ಕಪ್ಪು ಕಲೆ ಬರುತ್ತದೆ. ಕೂದಲು ತೆಗೆಯುವ ಕ್ರೀಮನ್ನು ಮೊದಲು ಕೈಯ ಒಂದು ಮೂಲೆಗೆ ಹಚ್ಚಿ ನೋಡಿ. ಕಡಿಮೆ ಕೂದಲಿರುವವರಿಗೆ ಈ ಸಾದಾ ದಾರಿಗಳೇ ಸಾಕು, ಸಾವಿರಾರು ರೂಪಾಯಿ ಸುರಿಯಬೇಕಾಗಿಲ್ಲ.

ಲೇಸರ್ ಬೆಳಕು ಕೂದಲಿನ ಕಪ್ಪು ಬಣ್ಣವನ್ನು ಹುಡುಕಿ ಬಿಸಿಮಾಡಿ ಬುಡವನ್ನು ಸುಡುತ್ತದೆ. ಆದ್ದರಿಂದ ಬಿಳಿ ಕೂದಲಿನ ಮೇಲೆ ಅದು ಕೆಲಸ ಮಾಡುವುದಿಲ್ಲ. ನಮ್ಮ ಚರ್ಮದಲ್ಲಿಯೂ ಅದೇ ಬಣ್ಣವಿದೆ. ಯಂತ್ರ ಸರಿಯಿಲ್ಲದಿದ್ದರೆ ಬೆಳಕು ಚರ್ಮವನ್ನೂ ಸುಟ್ಟು ಕಲೆ ಉಳಿಸುತ್ತದೆ. ಕಪ್ಪು, ಗೋಧಿ ಬಣ್ಣದವರಿಗೆ ಆಳಕ್ಕೆ ಇಳಿಯುವ 1064 ನ್ಯಾನೋಮೀಟರಿನ ಎನ್‌ಡಿ ಯಾಗ್ ಲೇಸರ್ ಹೆಚ್ಚು ಸುರಕ್ಷಿತ. ಡಯೋಡ್ ಲೇಸರನ್ನೂ ತಿಳಿದವರು ಎಚ್ಚರದಿಂದ ಬಳಸುತ್ತಾರೆ. ಪಾರ್ಲರುಗಳಲ್ಲಿ ಐಪಿಎಲ್ ಯಂತ್ರವನ್ನೂ ಲೇಸರ್ ಎಂದೇ ಕರೆಯುವುದುಂಟು. ಅದು ಲೇಸರಲ್ಲ, ಕಪ್ಪು ಚರ್ಮಕ್ಕೆ ಸುಡುವ ಅಪಾಯ ಅದರಲ್ಲಿ ಹೆಚ್ಚು.

ಒಂದು ಸಮಯದಲ್ಲಿ ಎಲ್ಲ ಕೂದಲೂ ಬೆಳೆಯುವ ಹಂತದಲ್ಲಿರುವುದಿಲ್ಲ. ಬೆಳೆಯುತ್ತಿರುವುದು ಮಾತ್ರ ಲೇಸರಿಗೆ ಸಿಗುತ್ತದೆ. ಹಾಗಾಗಿ ನಾಲ್ಕರಿಂದ ಆರು ವಾರಕ್ಕೊಮ್ಮೆಯಂತೆ ಆರರಿಂದ ಎಂಟು ಸಲ, ಕೆಲವೊಮ್ಮೆ ಅದಕ್ಕೂ ಹೆಚ್ಚು ಹೋಗಬೇಕಾಗುತ್ತದೆ. ಕೂದಲು ಬಹಳಷ್ಟು ಕಡಿಮೆಯಾಗುತ್ತದೆ, ಪೂರ್ತಿ ಹೋಗುತ್ತದೆಂಬ ಭರವಸೆ ಸುಳ್ಳು. ಈ ಅವಧಿಯಲ್ಲಿ ಕೂದಲು ಕೀಳಬಾರದು, ರೇಝರ್ ಬಳಸಬಹುದು. ಹಾರ್ಮೋನು ಸಮಸ್ಯೆ ಇರುವ ಕೆಲವರಿಗೆ ಮುಖದಲ್ಲಿ ಲೇಸರಿನ ಬಳಿಕ ಕೂದಲು ಹೆಚ್ಚಾದದ್ದೂ ಇದೆ. ಮೊದಲು ಕಾರಣ ಹುಡುಕಿ ಎಂದು ಹೇಳುವುದು ಇದಕ್ಕಾಗಿಯೂ ಹೌದು.

ಎಲೆಕ್ಟ್ರಾಲಿಸಿಸ್ ಹಳೆಯ ವಿಧಾನ. ಕಣ್ಣಿಗೆ ಚುಚ್ಚುವ ರೆಪ್ಪೆಗೂದಲನ್ನು ತೆಗೆಯಲು ಅಮೆರಿಕದ ಕಣ್ಣಿನ ವೈದ್ಯ ಚಾರ್ಲ್ಸ್ ಮಿಶೆಲ್ 1875ರಲ್ಲಿ ಇದನ್ನು ಬಳಕೆಗೆ ತಂದರು. ಒಂದೊಂದು ಕೂದಲಿನ ಬುಡಕ್ಕೂ ಸಣ್ಣ ಸೂಜಿ ಇಳಿಸಿ ವಿದ್ಯುತ್ ಹಾಯಿಸುತ್ತಾರೆ. ಬಿಳಿ ಕೂದಲಿಗೂ ಆಗುತ್ತದೆ, ಹೋದದ್ದು ಶಾಶ್ವತವಾಗಿ ಹೋಗುತ್ತದೆ. ಆದರೆ ಸಮಯ ಬಹಳ ಹಿಡಿಯುತ್ತದೆ, ನೋವೂ ಇದೆ. ಗಲ್ಲದಲ್ಲಿ ಹತ್ತಿಪ್ಪತ್ತು ಕೂದಲಿದ್ದರೆ ಇದು ಸರಿ, ಇಡೀ ಕೈಕಾಲಿಗೆ ಅಲ್ಲ.

ಕಾಲಿನ ನರ ಎಂದರೇನು?

ನಾವು ನರ ಎನ್ನುವುದು ನಿಜವಾಗಿ ಅಶುದ್ಧ ರಕ್ತವನ್ನು ಹೃದಯಕ್ಕೆ ಮರಳಿಸುವ ರಕ್ತನಾಳ. ರಕ್ತ ಕೆಳಗಿನಿಂದ ಮೇಲಕ್ಕೆ ಏರಬೇಕು. ಮೀನಖಂಡದ ಸ್ನಾಯು ಅದನ್ನು ಒತ್ತಿ ಏರಿಸುತ್ತದೆ, ಒಳಗಿನ ಕವಾಟಗಳು ಕೆಳಗೆ ಜಾರದಂತೆ ತಡೆಯುತ್ತವೆ. ಕವಾಟ ಸಡಿಲಾದರೆ ರಕ್ತ ಕಾಲಿನಲ್ಲೇ ನಿಂತು ನಾಳ ಉಬ್ಬಿ ಸುತ್ತಿಕೊಳ್ಳುತ್ತದೆ. ಇದೇ ವೆರಿಕೋಸ್. ವಂಶ, ವಯಸ್ಸು, ಹೆರಿಗೆ, ತೂಕ, ದಿನವಿಡೀ ನಿಂತು ಮಾಡುವ ಕೆಲಸ ಇದಕ್ಕೆ ಕಾರಣಗಳು. ಅಡುಗೆಮನೆಯಲ್ಲಿ ನಿಲ್ಲುವ ತಾಯಂದಿರು, ಟೀಚರುಗಳು, ಹೋಟೆಲ್ ಕೆಲಸಗಾರರು, ಬಸ್ ಕಂಡಕ್ಟರುಗಳು ಎಲ್ಲರೂ ಗಮನಿಸಬೇಕು.

ಜೇಡರ ಬಲೆಯಂತೆ ಕಾಣುವ ಕೆಂಪು, ನೀಲಿ ಗೆರೆಗಳು ಬಹುತೇಕ ನಿರಪಾಯ. ಬೇಕಾದರೆ ತೆಗೆಸಬಹುದು, ಬಿಟ್ಟರೂ ನಷ್ಟವಿಲ್ಲ. ಹಗ್ಗದಂತೆ ಉಬ್ಬಿದ ನಾಳ, ಸಂಜೆಗೆ ಕಾಲು ಭಾರ, ಊತ, ತುರಿಕೆ, ರಾತ್ರಿ ಸೆಳೆತ, ಪಾದದ ಗಂಟಿನ ಬಳಿ ಚರ್ಮ ಕಪ್ಪಾಗುವುದು ಇವು ರೋಗದ ಗುರುತುಗಳು. ಕಪ್ಪಾದ ಜಾಗದಲ್ಲಿಯೇ ಮುಂದೆ ಹುಣ್ಣಾಗುತ್ತದೆ, ಅದು ಒಣಗಲು ತಿಂಗಳುಗಳು ಬೇಕು. ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ ನೋಯತೊಡಗಿದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಅದೇ ದಿನ ಆಸ್ಪತ್ರೆಗೆ ಹೋಗಿ. ಉಬ್ಬಿದ ನಾಳ ಒಡೆದು ರಕ್ತ ಸುರಿದರೆ ಮಲಗಿಸಿ, ಕಾಲನ್ನು ಎತ್ತರಕ್ಕೆ ಇಟ್ಟು, ಬಟ್ಟೆಯಿಂದ ಬಿಗಿಯಾಗಿ ಒತ್ತಿ ಹಿಡಿದು ಆಸ್ಪತ್ರೆಗೆ ಕರೆದೊಯ್ಯಿರಿ.

ಯಾವ ಚಿಕಿತ್ಸೆ ಎಂದು ನಿರ್ಧರಿಸುವುದು ಡಾಪ್ಲರ್ ಸ್ಕ್ಯಾನ್. ನೋವಿಲ್ಲದ ಈ ಪರೀಕ್ಷೆಯಿಂದ ಯಾವ ಕವಾಟ ಕೆಟ್ಟಿದೆ ಎಂದು ತಿಳಿಯುತ್ತದೆ. ಸಣ್ಣ ನಾಳಗಳಿಗೆ ಸ್ಕ್ಲೀರೋಥೆರಪಿ ಎಂಬ ಇಂಜೆಕ್ಷನ್ ಕೊಡುತ್ತಾರೆ. ಮದ್ದು ನಾಳದ ಗೋಡೆಗಳನ್ನು ಅಂಟಿಸಿ ಮುಚ್ಚುತ್ತದೆ. ಬಳಿಕ ಮಲಗುವುದಲ್ಲ, ನಡೆಯಬೇಕು. ಹೇಳಿದಷ್ಟು ದಿನ ಬಿಗಿ ಕಾಲುಚೀಲ ಧರಿಸಬೇಕು. ಕೆಲವರಿಗೆ ಕಂದು ಗೆರೆ ತಿಂಗಳುಗಟ್ಟಲೆ ಉಳಿಯುತ್ತದೆ. ಚರ್ಮದ ಮೇಲಿನಿಂದ ಕೊಡುವ ಲೇಸರ್ ಮುಖದ ಸಣ್ಣ ನಾಳಗಳಿಗೆ ಸೂಕ್ತ. ಕಾಲಿಗೆ ಸಾಮಾನ್ಯವಾಗಿ ಇಂಜೆಕ್ಷನ್ನೇ ಮೇಲು. ದೊಡ್ಡ ನಾಳದ ಕವಾಟ ಕೆಟ್ಟಿದ್ದರೆ ಸಣ್ಣ ತೂತಿನ ಮೂಲಕ ತಂತಿ ಇಳಿಸಿ ಲೇಸರ್ ಅಥವಾ ರೇಡಿಯೋ ತರಂಗದ ಬಿಸಿಯಿಂದ ಒಳಗಿನಿಂದಲೇ ಮುಚ್ಚುತ್ತಾರೆ. ಹಳೆಯ ಶಸ್ತ್ರಚಿಕಿತ್ಸೆಯೂ ಇದೆ. ದೊಡ್ಡದನ್ನು ಬಿಟ್ಟು ಮೇಲಿನ ಗೆರೆಗಳಿಗೆ ಮಾತ್ರ ಇಂಜೆಕ್ಷನ್ ಹಾಕಿಸಿದರೆ ಅವು ಮತ್ತೆ ಬರುತ್ತವೆ.

ಗರ್ಭಿಣಿಯರಿಗೆ ನಾಳ ಉಬ್ಬುವುದು ಸಾಮಾನ್ಯ. ಹೆರಿಗೆಯ ಬಳಿಕ ಬಹಳಷ್ಟು ಇಳಿಯುತ್ತದೆ. ಆದ್ದರಿಂದ ಇಂಜೆಕ್ಷನ್ನಾಗಲಿ ಕೂದಲಿನ ಲೇಸರಾಗಲಿ ಆಗ ಬೇಡ. ಸಕ್ಕರೆ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಬಿಗಿ ಕಾಲುಚೀಲ ಹಾಕಬಾರದು. ಹಿಜಾಮಾ ಮಾಡಿಸುವವರೂ ಗಮನಿಸಿ: ಉಬ್ಬಿದ ನಾಳದ ಮೇಲೆಯೇ ಗೀರು ಹಾಕಿಸುವುದು ಅಪಾಯ.

ಪರದೆ ಮತ್ತು ನಮಾಝ್

ಕಾಲು ತೋರಿಸಲು ನಾಚಿ ರೋಗ ಬೆಳೆಸಿಕೊಳ್ಳುವುದನ್ನು ದೀನ್ ಕೇಳುವುದಿಲ್ಲ. ವೈದ್ಯೆ ಸಿಕ್ಕಿದರೆ ಅವರಲ್ಲಿಗೇ ಹೋಗಿ. ಸಿಗದಿದ್ದರೆ ಪತಿ, ಮಹ್ರಮ್ ಅಥವಾ ನಂಬಿಕೆಯ ಮಹಿಳೆಯ ಸಮ್ಮುಖದಲ್ಲಿ ಅಗತ್ಯವಿರುವ ಭಾಗವನ್ನು ಮಾತ್ರ ವೈದ್ಯರಿಗೆ ತೋರಿಸಬಹುದು. ಆದರೆ ಬರೀ ಅಂದಕ್ಕಾಗಿ ಹೊಕ್ಕುಳಿನಿಂದ ಮೊಣಕಾಲಿನವರೆಗಿನ ಭಾಗವನ್ನು ಪಾರ್ಲರಿನ ಮಹಿಳೆಯ ಮುಂದೆಯೂ ತೆರೆಯುವಂತಿಲ್ಲ. ಅಲ್ಲಿನ ಕೂದಲನ್ನು ತೆಗೆಯುವುದು ಸುನ್ನತ್, ಅದನ್ನು ತಾನೇ ಮಾಡಿಕೊಳ್ಳಬೇಕು.

ಬಿಗಿ ಕಾಲುಚೀಲವನ್ನು ತೆಗೆಯಬಹುದಾದರೆ ತೆಗೆದು ವುಝೂ ಮಾಡಿ. ತೆಗೆಯಬಾರದೆಂದು ವೈದ್ಯರು ಹೇಳಿದ ದಿನಗಳಲ್ಲಿ ಗಾಯದ ಕಟ್ಟಿನ ಮೇಲೆ ಸವರುವ ನಿಯಮವಿದೆ. ಅದರ ವಿವರ ಮದ್‌ಹಬಿಗೆ ತಕ್ಕಂತೆ ಬದಲಾಗುವುದರಿಂದ ನಿಮ್ಮ ಉಸ್ತಾದರಲ್ಲಿ ಕೇಳಿ. ನಿಲ್ಲಲಾಗದವರು ಕುಳಿತು ನಮಾಝ್ ಮಾಡಬಹುದು. ಹಜ್ಜಿಗೆ ಹೊರಟವರು ಇಹ್ರಾಮಿನಲ್ಲಿ ಕೂದಲು ತೆಗೆಯುವಂತಿಲ್ಲ ಎಂಬುದನ್ನು ನೆನಪಿಟ್ಟುಕೊಳ್ಳಿ. ಅಲ್ಲಿ ಬಹಳ ನಡೆಯಲಿಕ್ಕಿರುವುದರಿಂದ ಕಾಲನ್ನು ಮೊದಲೇ ತೋರಿಸಿ.

ಹಣ ಕಟ್ಟುವ ಮುನ್ನ

ಯಂತ್ರ ಯಾವುದು, ನಡೆಸುವವರು ಯಾರು, ನನ್ನ ಚರ್ಮದ ಮೇಲೆ ಮೊದಲು ಸಣ್ಣ ಜಾಗದಲ್ಲಿ ಪರೀಕ್ಷೆ ಮಾಡುತ್ತೀರಾ, ಎಷ್ಟು ಸಲ ಬರಬೇಕು, ಒಟ್ಟು ಎಷ್ಟಾಗುತ್ತದೆ, ಸುಟ್ಟರೆ ಯಾರು ನೋಡುತ್ತಾರೆ? ಇಷ್ಟನ್ನು ಕೇಳಿ, ಉತ್ತರವನ್ನು ಬರೆಸಿಕೊಳ್ಳಿ. ಇವತ್ತೇ ಕಟ್ಟಿದರೆ ರಿಯಾಯಿತಿ ಎನ್ನುವಲ್ಲಿ ಅವಸರ ಬೇಡ. ಮೆಡಿಕಲ್ ಕಾಲೇಜು ಆಸ್ಪತ್ರೆಗಳ ಚರ್ಮ ಮತ್ತು ಶಸ್ತ್ರಚಿಕಿತ್ಸಾ ವಿಭಾಗಗಳಲ್ಲಿ ಕಡಿಮೆ ಖರ್ಚಿನಲ್ಲಿ ತೋರಿಸಬಹುದು. ವೆರಿಕೋಸ್ ಚಿಕಿತ್ಸೆಗೆ ನಿಮ್ಮ ಆಯುಷ್ಮಾನ್ ಕಾರ್ಡ್ ಅಥವಾ ವಿಮೆ ನಡೆಯುತ್ತದೆಯೇ ಎಂದು ಆಸ್ಪತ್ರೆಯಲ್ಲೇ ವಿಚಾರಿಸಿ.

ಕೊನೆಯದಾಗಿ ಮನೆಯವರಿಗೆ ಒಂದು ಮಾತು. ಹೆಣ್ಣು ನೋಡಲು ಹೋದಲ್ಲಿ ಮುಖದ ಕೂದಲನ್ನು ಎತ್ತಿ ಆಡುವ ನಾಲಿಗೆ ಯಾವ ಲೇಸರಿಗಿಂತಲೂ ಹೆಚ್ಚು ಸುಡುತ್ತದೆ. ಅದು ಆ ಹುಡುಗಿಯ ತಪ್ಪಲ್ಲ, ಅವಳ ಚಾರಿತ್ರ್ಯದ ಗುರುತೂ ಅಲ್ಲ. ಹಾಗೆಯೇ, ಮನೆಯ ಯಜಮಾನರೇ, ಇವತ್ತು ಮನೆಗೆ ಹೋಗಿ ಉಮ್ಮನ ಹತ್ತಿರ, ಹೆಂಡತಿಯ ಹತ್ತಿರ ಕಾಲು ಹೇಗಿದೆ ಎಂದು ಒಮ್ಮೆ ಕೇಳಿ. ಕೇಳುವವರಿಲ್ಲದ್ದರಿಂದ ಹೇಳದೆ ಉಳಿದ ನೋವು ಎಷ್ಟೋ ಮನೆಗಳಲ್ಲಿದೆ.

ಅಲ್ಲಾಹನು ರೋಗಿಗಳಿಗೆ ಶಿಫಾ ನೀಡಲಿ, ನಮ್ಮ ದೇಹಗಳ ಅಮಾನತನ್ನು ಕಾಪಾಡುವ ತೌಫೀಕ್ ಕೊಡಲಿ, ನಾಲಿಗೆಯಿಂದ ಯಾರನ್ನೂ ನೋಯಿಸದವರಲ್ಲಿ ನಮ್ಮನ್ನು ಸೇರಿಸಲಿ. ಆಮೀನ್.