ತೊಟ್ಟಿಲ ಖರ್ಚು ಯಾರ ಲೆಕ್ಕಕ್ಕೆ?

ದಿನ ಬೆಳಗಾದರೆ ಹುಬ್ಬಳ್ಳಿ-ಧಾರವಾಡ ಅವಳಿ ನಗರದಲ್ಲಿ ಸಾವಿರಾರು ಸ್ತ್ರೀಯರು ದುಡಿಮೆಗೆಂದು ಮನೆ ಬಿಟ್ಟು ಹೊರಡುತ್ತಾರೆ. ಶಾಲೆಯ ಅಕ್ಕೋರು, ಆಸ್ಪತ್ರೆಯ ದಾದಿಯರು, ಕಚೇರಿಯ ನೌಕರರು, ಜವಳಿ ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸುವವರು, ಬೆಂಗೇರಿಯಲ್ಲಿ ರಾಷ್ಟ್ರಧ್ವಜ ಹೊಲಿಯುವವರು, ನಾಲ್ಕು ಮನೆಗಳ ಭಾಂಡೆ ತಿಕ್ಕಿ ಸಂಸಾರ ಸಾಗಿಸುವವರು, ಹೀಗೆ ಅವರಲ್ಲಿ ಎಲ್ಲ ತರದವರೂ ಉಂಟು. ೨೦೨೩ರ ಜೂನ್ ೧೧ರಂದು ಜಾರಿಗೆ ಬಂದ ‘ಶಕ್ತಿ’ ಯೋಜನೆಯು ಸಾಮಾನ್ಯ ಸರಕಾರಿ ಬಸ್ಸುಗಳಲ್ಲಿ ಅವರ ಟಿಕೀಟಿನ ಖರ್ಚನ್ನು ತಪ್ಪಿಸಿತು. ಆದರೆ ಮಡಿಲಲ್ಲಿ ಕೂಸುಳ್ಳ ತಾಯಿಗೆ ಬಸ್ಸಿನ ಚಿಂತೆಗಿಂತ ದೊಡ್ಡ ಚಿಂತೆಯೊಂದಿದೆ. ಸಂಜೆಯವರೆಗೆ ಈ ಮಗುವನ್ನು ನೋಡಿಕೊಳ್ಳುವವರು ಯಾರು? ಅದರ ವೆಚ್ಚ ಕೊಡುವವರು ಯಾರು?

ಅವಿಭಕ್ತ ಕುಟುಂಬವಿದ್ದ ಕಾಲದಲ್ಲಿ ಈ ಪ್ರಶ್ನೆಗೆ ಅಜ್ಜಿಯೇ ಉತ್ತರವಾಗಿದ್ದಳು. ಇಂದು ವಿದ್ಯಾನಗರದಲ್ಲಾಗಲಿ ಸಪ್ತಾಪುರದಲ್ಲಾಗಲಿ ಗಂಡ, ಹೆಂಡತಿ, ಮಗು ಮೂವರೇ ಇರುವ ಮನೆಗಳು ಬಹಳ. ಅಜ್ಜಿ ದೂರದ ಊರಿನಲ್ಲಿದ್ದಾಳೆ, ಇಲ್ಲವೇ ಅವಳನ್ನೇ ಮತ್ತೊಬ್ಬರು ನೋಡಿಕೊಳ್ಳಬೇಕಾಗಿದೆ. ಆಗ ಗಂಡಹೆಂಡಿರು ಕುಳಿತು ಲೆಕ್ಕ ಹಾಕುತ್ತಾರೆ. ಖಾಸಗಿ ಶಿಶುಪಾಲನಾ ಕೇಂದ್ರದ ಶುಲ್ಕವನ್ನು ಹೆಂಡತಿಯ ಸಂಬಳದಿಂದ ಕಳೆದು ನೋಡಿ, ಉಳಿಯುವುದು ಅಲ್ಪವೆಂದು ಕಂಡರೆ, ಅವಳು ಕೆಲಸ ಬಿಡುವುದೇ ಲೇಸೆಂದು ತೀರ್ಮಾನಿಸುತ್ತಾರೆ. ಮಗು ಇಬ್ಬರದಾಗಿರುವಾಗ ಖರ್ಚನ್ನು ತಾಯಿಯ ಸಂಬಳದಿಂದ ಮಾತ್ರ ಏಕೆ ಕಳೆಯಬೇಕೆಂದು ಯಾರೂ ಕೇಳುವುದಿಲ್ಲ. ಬಿಟ್ಟುಹೋದ ವರ್ಷಗಳ ಬಡ್ತಿ, ಸೇವಾವಧಿ, ಮುಪ್ಪಿನ ಉಳಿತಾಯ ಇವೂ ಆ ಲೆಕ್ಕದಲ್ಲಿ ಬರುವುದಿಲ್ಲ.

ಅನುಕೂಲವುಳ್ಳವರು ಮಗುವನ್ನು ನೋಡಿಕೊಳ್ಳಲು ಹೆಂಗಸೊಬ್ಬಳನ್ನು ಗೊತ್ತುಮಾಡುತ್ತಾರೆ. ಆದರೆ ಅವಳಿಗೂ ಒಂದು ಕೂಸಿದ್ದರೆ? ಎಷ್ಟೋ ಮನೆಗಳಲ್ಲಿ ಆ ಕೂಸಿನ ಬಳಿ ಕುಳಿತಿರುವವಳು ಶಾಲೆ ತಪ್ಪಿಸಿಕೊಂಡ ಹಿರಿಯ ಮಗಳು. ಶಿಶುಪಾಲನೆ ಎಂದೂ ಪುಕ್ಕಟೆಯಲ್ಲ. ಅಜ್ಜಿ ತನ್ನ ದೇಹಶ್ರಮದಿಂದ, ತಾಯಿ ತನ್ನ ನೌಕರಿಯಿಂದ, ಅಕ್ಕ ತನ್ನ ಅಕ್ಷರದಿಂದ ಅದರ ಬೆಲೆಯನ್ನು ತೆರುತ್ತಿದ್ದಾರೆ. ಅದರಲ್ಲಿ ಸಮಾಜದ ಪಾಲೆಷ್ಟು ಎಂಬುದೇ ಇಲ್ಲಿರುವ ಪ್ರಶ್ನೆ.

ಕಾಯಿದೆಯ ಎಣಿಕೆ

ಕಾಯಿದೆ ಈ ಹೊಣೆಯನ್ನು ಮರೆತಿಲ್ಲ. ೫೦ಕ್ಕಿಂತ ಹೆಚ್ಚು ಸ್ತ್ರೀಯರು ದುಡಿಯುವ ಕಾರ್ಖಾನೆಯಲ್ಲಿ ಆರು ವರ್ಷದೊಳಗಿನ ಮಕ್ಕಳಿಗೊಂದು ಕೋಣೆಯಿರಬೇಕೆಂದು ೧೯೪೮ರ ಕಾರ್ಖಾನೆ ಕಾಯಿದೆ ವಿಧಿಸಿತು. ೧೯೭೬ರ ತಿದ್ದುಪಡಿ ಆ ಸಂಖ್ಯೆಯನ್ನು ೩೦ಕ್ಕೆ ಇಳಿಸಿತು. ೨೦೧೭ರಲ್ಲಿ ಹೆರಿಗೆ ರಜೆಯನ್ನು ೨೬ ವಾರಗಳಿಗೆ ಏರಿಸಿದಾಗ, ೫೦ ಅಥವಾ ಅದಕ್ಕೂ ಹೆಚ್ಚು ನೌಕರರಿರುವ ಸಂಸ್ಥೆಗಳು ಶಿಶುಪಾಲನಾ ಗೃಹವನ್ನು ಒದಗಿಸಬೇಕು, ತಾಯಿಗೆ ದಿನಕ್ಕೆ ನಾಲ್ಕು ಸಲ ಮಗುವನ್ನು ನೋಡಿಬರಲು ಬಿಡಬೇಕು ಎಂಬ ನಿಯಮವೂ ಬಂದಿತು. ೨೦೨೦ರ ಸಾಮಾಜಿಕ ಭದ್ರತಾ ಸಂಹಿತೆಯು ಐವತ್ತರ ಆ ಎಣಿಕೆಯನ್ನೇ ಉಳಿಸಿಕೊಂಡಿತು.

ಆದರೆ ಹುಬ್ಬಳ್ಳಿ ಮೂಲತಃ ವ್ಯಾಪಾರದ ಊರು. ದುರ್ಗದಬೈಲಿನ ಸುತ್ತಮುತ್ತಲ ಅಂಗಡಿಯೊಂದರಲ್ಲಿ ಆರೋ ಎಂಟೋ ಜನ ಕೆಲಸಗಾರರು. ಸಣ್ಣ ಖಾಸಗಿ ಶಾಲೆಯಲ್ಲಿ ಹದಿನೈದು ಶಿಕ್ಷಕಿಯರು. ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಖಾನಾವಳಿಗೆ ಕೊಡುವವಳಿಗಂತೂ ಯಜಮಾನನೇ ಇಲ್ಲ. ಇವರು ಯಾರೂ ಕಾಯಿದೆಯ ಎಣಿಕೆಗೆ ಸಿಕ್ಕುವವರಲ್ಲ.

ಬೊಕ್ಕಸದ ಪಾಲು

ಅಂಥವರಿಗೆ ಆಸರೆಯಾಗಬೇಕಾದುದು ಸರಕಾರದ ಬೊಕ್ಕಸ. ೧೯೭೫ರ ಅಕ್ಟೋಬರ್ ೨ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾಯಿತು. ಕರ್ನಾಟಕದಲ್ಲಿ ಅದು ಮೊದಲು ಕಾಲಿಟ್ಟದ್ದು ಟಿ. ನರಸೀಪುರದಲ್ಲಿ. ಇಂದು ಅಂಗನವಾಡಿಯಿಲ್ಲದ ಊರು ವಿರಳ. ಮೂರರಿಂದ ಆರು ವರ್ಷದ ಮಕ್ಕಳಿಗೆ ಅಲ್ಲಿ ಊಟವೂ ಆಟಪಾಠವೂ ದೊರೆಯುತ್ತವೆ. ಮೂರು ತುಂಬದ ಮಕ್ಕಳಿಗಾದರೋ ಸಾಮಾನ್ಯವಾಗಿ ಮನೆಗೆ ಒಯ್ಯುವ ಆಹಾರ ಸಾಮಗ್ರಿ ಮಾತ್ರ. ತಾಯಿಯ ಕೆಲಸ ಮುಗಿಯುವ ತನಕ ಕೂಸನ್ನು ಕಾಯುವ ಉದ್ದೇಶದಿಂದ ಅಂಗನವಾಡಿ ಹುಟ್ಟಿದ್ದಲ್ಲ.

ಆ ಉದ್ದೇಶದಿಂದಲೇ ೨೦೦೬ರಲ್ಲಿ ಕೇಂದ್ರ ಸರಕಾರ ರಾಜೀವ ಗಾಂಧಿ ರಾಷ್ಟ್ರೀಯ ಶಿಶುಪಾಲನಾ ಕೇಂದ್ರ ಯೋಜನೆಯನ್ನು ತಂದಿತು. ಆರು ತಿಂಗಳಿನಿಂದ ಆರು ವರ್ಷದವರೆಗಿನ ೨೫ ಮಕ್ಕಳಿಗೆ ಒಂದು ಕೇಂದ್ರ. ತಿಂಗಳಿಗೆ ೨೬ ದಿನ, ದಿನಕ್ಕೆ ಏಳೂವರೆ ಗಂಟೆ. ಮುಂದೆ ನಿಗದಿಯಾದ ಶುಲ್ಕ ಬಡ ಕುಟುಂಬಕ್ಕೆ ತಿಂಗಳಿಗೆ ೨೦ ರೂಪಾಯಿ, ೧೨,೦೦೦ ರೂಪಾಯಿವರೆಗೆ ಮಾಸಿಕ ಆದಾಯವಿದ್ದವರಿಗೆ ೧೦೦, ಅದಕ್ಕೂ ಮೇಲ್ಪಟ್ಟವರಿಗೆ ೨೦೦. ಮಧ್ಯಮವರ್ಗದವರಿಗೂ ಇದು ಹೊರೆಯೆನಿಸದ ಮೊತ್ತ. ಆದರೆ ಮೊದಲು ವೆಚ್ಚದ ಶೇಕಡಾ ೯೦ರಷ್ಟನ್ನು ಹೊರುತ್ತಿದ್ದ ಕೇಂದ್ರವು ೨೦೧೭ರಲ್ಲಿ ತನ್ನ ಪಾಲನ್ನು ೬೦ಕ್ಕೆ ಇಳಿಸಿತು. ೩೦ ರಾಜ್ಯದ ಪಾಲಿಗೂ ೧೦ ಸ್ವಯಂಸೇವಾ ಸಂಸ್ಥೆಗಳ ಪಾಲಿಗೂ ಬಂದವು. ದೇಶದಲ್ಲಿ ೨೦,೦೦೦ಕ್ಕೂ ಮಿಕ್ಕಿದ್ದ ಕೇಂದ್ರಗಳು ೨೦೨೦ರ ವೇಳೆಗೆ ೭,೦೦೦ಕ್ಕಿಂತ ಕಡಿಮೆಯಾದವು. ಕಡಿಮೆಯಾದದ್ದು ತೊಟ್ಟಿಲುಗಳೇ ಹೊರತು ಕೂಸುಗಳಲ್ಲ.

೨೦೨೨ರಲ್ಲಿ ಈ ಯೋಜನೆ ‘ಪಾಲನಾ’ ಎಂಬ ಹೊಸ ಹೆಸರಿನಿಂದ ಬಂದು, ೧೭,೦೦೦ ಅಂಗನವಾಡಿಗಳಿಗೆ ಶಿಶುಪಾಲನೆಯನ್ನು ಜೋಡಿಸುವ ಗುರಿ ಇಟ್ಟುಕೊಂಡಿತು. ಕರ್ನಾಟಕ ಸರಕಾರವು ೨೦೨೩ರ ಆಯವ್ಯಯದಲ್ಲಿ ೪,೦೦೦ ಗ್ರಾಮ ಪಂಚಾಯತಿಗಳಲ್ಲಿ ‘ಕೂಸಿನ ಮನೆ’ ತೆರೆಯುವುದಾಗಿ ಸಾರಿತು. ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರನ್ನು ನೆನೆದು ರೂಪುಗೊಂಡ ಈ ಯೋಜನೆ ಮೆಚ್ಚತಕ್ಕದ್ದೇ. ಆದರೆ ಅದು ಗ್ರಾಮಗಳದು. ಮಹಾನಗರಪಾಲಿಕೆಯ ಸೀಮೆ ಅದರ ಹೊರಗೆ ಉಳಿಯಿತು.

ಹೊರದೇಶಗಳಲ್ಲಿ ಬೊಕ್ಕಸ ಇನ್ನೂ ಧಾರಾಳವಾಗಿ ಕೈಬಿಚ್ಚಿದ್ದುಂಟು. ಕೆನಡಾದ ಕ್ವಿಬೆಕ್ ಪ್ರಾಂತವು ೧೯೯೭ರಲ್ಲಿ ದಿನಕ್ಕೆ ಐದೇ ಡಾಲರಿನ ಶಿಶುಪಾಲನೆಯನ್ನು ಆರಂಭಿಸಿತು. ಸ್ಥಳದ ಅಭಾವ, ಗುಣಮಟ್ಟದ ಏರುಪೇರು ಅಲ್ಲಿಯೂ ತಪ್ಪಲಿಲ್ಲ. ಆದರೂ ದುಡಿಯುವ ತಾಯಂದಿರ ಸಂಖ್ಯೆ ಎದ್ದು ಕಾಣುವಂತೆ ಹೆಚ್ಚಿತು. ಅವರು ತೆತ್ತ ತೆರಿಗೆ ಬೊಕ್ಕಸಕ್ಕೇ ಮರಳಿತು.

ಅವಳಿ ನಗರಕ್ಕೆ ಅಷ್ಟು ದೊಡ್ಡ ಹೆಜ್ಜೆ ಸದ್ಯಕ್ಕೆ ಬೇಕಿಲ್ಲ. ಹಲವು ಸಂಸ್ಥೆಗಳು ಕೂಡಿ ಒಂದೇ ಶಿಶುಪಾಲನಾ ಗೃಹ ನಡೆಸಲು ೨೦೧೭ರ ತಿದ್ದುಪಡಿಯೇ ಎಡೆಕೊಟ್ಟಿತು. ಜವಳಿ ಸಾಲಿನ ಅಂಗಡಿಗಳು ಬಿಡಿಬಿಡಿಯಾಗಿ ಐವತ್ತರ ಎಣಿಕೆ ಮುಟ್ಟಲಾರವು. ಇಡೀ ಬೀದಿಯನ್ನು ಎಣಿಸಿದರೆ ಮುಟ್ಟೀತು. ಪಾಲಿಕೆ ಒಂದು ಕೋಣೆ ಕೊಟ್ಟು, ಸರಕಾರ ಕಾರ್ಯಕರ್ತೆಗೆ ನ್ಯಾಯವಾದ ವೇತನ ಕೊಟ್ಟು, ವರ್ತಕರೂ ತಾಯಿತಂದೆಯರೂ ತಮ್ಮ ಶಕ್ತ್ಯನುಸಾರ ಪಾಲು ಹಾಕಿದರೆ, ಅಂಗಡಿ ಬಾಗಿಲು ಹಾಕುವ ತನಕ ಕೂಸುಗಳು ಒಂದು ಸುರಕ್ಷಿತ ಸೂರಿನಡಿ ಇರಬಲ್ಲವು. ಆಗ ಹಿರಿಯ ಮಗಳು ಪಾಟೀಚೀಲ ಹೆಗಲಿಗೇರಿಸಿ ಶಾಲೆಗೆ ಹೋದಾಳು.